ಮಗನ ಗಿಟಾರಿಗೆ ಯಾವ ಸ್ಪೀಕರ್?

ದೀಪಾವಳಿ ಕಳೆದು ವಾರವಾಗಿತ್ತು. ಸಂಜೆ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮನೆಗೆ ಬಂದರು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ, ಮಾತು ಕಡಿಮೆಯ ಮನುಷ್ಯ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಮೆಲ್ಲಗೆ ಹೇಳಿದರು: “ಮೇಷ್ಟ್ರೇ, ನೀವು ಹೇಳಿದಂಥ ಸ್ಪೀಕರನ್ನೇ ತಗೊಂಡು ಬಂದೆ. ಈಗ ನೋಡಿದ್ರೆ ಹುಡುಗ ಗಿಟಾರ್ ಮುಟ್ಟೋದನ್ನೇ ಬಿಟ್ಟಿದ್ದಾನೆ. ಪಕ್ಕದ ಮನೆಯೋರು ನಮ್ ಜೊತೆ ಮಾತು ಬಿಟ್ಟಿದ್ದಾರೆ.”

ನನಗೆ ತಟ್ಟನೆ ನೆನಪಾಯಿತು. ಎರಡು ತಿಂಗಳ ಹಿಂದೆ ಬಸ್ ನಿಲ್ದಾಣದ ಬಳಿ ಸಿಕ್ಕಾಗ ಅವರು ಕೇಳಿದ್ದರು. ಬೆಂಗಳೂರಿನ ಸೋದರಮಾವ ತನ್ನ ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಅದರ ಜೊತೆಗಿದ್ದ ‘ಮಾಡೆಲರ್’ ಎಂಬ ಪೆಟ್ಟಿಗೆಯನ್ನೂ ಹುಡುಗನಿಗೆ ಕೊಟ್ಟಿದ್ದಾನೆ. ಅದಕ್ಕೊಂದು ಸ್ಪೀಕರ್ ಬೇಕಂತೆ, ಯಾವುದು ತರಲಿ? ನಾನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟಿದ್ದೆ: “ಗಿಟಾರಿಗೆ 12 ಇಂಚಿನದೇ ತನ್ನಿ. ವ್ಯಾಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು.” ಇಪ್ಪತ್ತೆಂಟು ವರ್ಷ ಶಬ್ದದ ಪಾಠ ಮಾಡಿದ ಧೈರ್ಯ ಅದು. ವಿದೇಶಿ ಗಿಟಾರ್ ವಾದಕರ ಹಿಂದೆ ದೊಡ್ಡ ದೊಡ್ಡ ಪೆಟ್ಟಿಗೆ ನಿಂತಿರುವ ಚಿತ್ರ ನೋಡಿದ್ದೆನಲ್ಲ, ಅಷ್ಟೇ ನನ್ನ ಆಧಾರ. ಅವರು ಆ ಮಾತು ನಂಬಿ, ಸಭೆ ಸಮಾರಂಭಗಳಲ್ಲಿ ಬಳಸುವಂಥ 1000 ವ್ಯಾಟಿನ 12 ಇಂಚಿನ ಸ್ಪೀಕರನ್ನು ಒಂದು ಸೀಸನ್ನಿನ ಲಾಭದಲ್ಲಿ ತಂದು ಕೋಣೆಯ ಮೂಲೆಯಲ್ಲಿ ಇಟ್ಟಿದ್ದರು.

ತಪ್ಪು ನನ್ನದು. ಸರಿಪಡಿಸುವ ಹೊಣೆಯೂ ನನ್ನದೇ. ಅವರ ಮನೆಗೆ ಹೋಗುವ ಮುಂಚೆ ಒಂದು ವಾರ ಕುಳಿತು ಓದಿದೆ. ಈಗ ಎಷ್ಟೋ ಮನೆಗಳಲ್ಲಿ ಇಂಥ ಗಿಟಾರ್, ಇಂಥ ಪೆಟ್ಟಿಗೆ ಬರುತ್ತಿವೆ. ನನ್ನ ಹಾಗೆ ಧೈರ್ಯವಾಗಿ ಸಲಹೆ ಕೊಡುವವರೂ ಎಲ್ಲ ಕಡೆ ಇದ್ದಾರೆ. ಆದ್ದರಿಂದ ತಿಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕುಡವಿಲ್ಲದ ವೀಣೆ

ವೀಣೆಯ ತಂತಿ ಮೀಟಿದಾಗ ನಾವು ಕೇಳುವುದು ಬರೀ ತಂತಿಯ ದನಿಯಲ್ಲ. ಹಲಸಿನ ಮರದಲ್ಲಿ ಕೊರೆದ ಆ ಕುಡ ತಂತಿಯ ಕಂಪನವನ್ನು ತೆಗೆದುಕೊಂಡು ತನ್ನ ಗುಣ ಸೇರಿಸಿ ಹೊರಗೆ ಕಳಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಸಾಮಾನ್ಯವಾಗಿ ಅಂಥ ಕುಡ ಇಲ್ಲ. ಅದು ಗಟ್ಟಿ ಮರದ ಹಲಗೆ. ತಂತಿಯ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ ಇರುತ್ತದೆ. ತಂತಿ ಅಲುಗಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಹತ್ತನೇ ತರಗತಿಯ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಇದೇ. ಹಾಗಾದರೆ ಕುಡ ಎಲ್ಲಿ? ಆಂಪ್ಲಿಫೈಯರೂ ಅದರ ಸ್ಪೀಕರೂ ಸೇರಿ ಈ ಗಿಟಾರಿನ ಕುಡ!

ಇದು ಅಲಂಕಾರದ ಮಾತಲ್ಲ. ಮಾರ್ಷಲ್ ಆಂಪ್ಲಿಫೈಯರು 1962ರಲ್ಲಿ ಲಂಡನ್ನಿನ ಒಂದು ವಾದ್ಯಗಳ ಅಂಗಡಿಯಲ್ಲಿ ಹುಟ್ಟಿತು. ಅಮೆರಿಕದ ಫೆಂಡರ್ ಆಂಪ್ಲಿಫೈಯರನ್ನು ಮಾದರಿಯಾಗಿ ಇಟ್ಟುಕೊಂಡು ಮಾಡಿದ್ದರೂ ಅದರ ದನಿಯೇ ಬೇರೆಯಾಯಿತು. 1964ರಲ್ಲಿ ‘ಕಿಂಕ್ಸ್’ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕಾಗದದ ಶಂಕುವನ್ನು ಬ್ಲೇಡಿನಿಂದ ಸೀಳಿ, ಆ ಹರಿದ ದನಿಯಲ್ಲೇ ಹಾಡು ಮುದ್ರಿಸಿದ. ಅದು ಜನಪ್ರಿಯವೂ ಆಯಿತು. ಇಂಥ ಗಿಟಾರ್ ಸ್ಪೀಕರುಗಳು ಪ್ರಾಮಾಣಿಕ ಸ್ಪೀಕರುಗಳಲ್ಲ. ಸಾಮಾನ್ಯವಾಗಿ 12 ಇಂಚಿನವು. ಸುಮಾರು 75 ಹರ್ಟ್ಸ್‌ನಿಂದ 5000 ಹರ್ಟ್ಸ್‌ವರೆಗೆ ನುಡಿದು, ಅದಕ್ಕಿಂತ ಮೇಲಿನ ಆವೃತ್ತಿಗಳನ್ನು ನುಂಗಿಹಾಕುತ್ತವೆ. ಆ ನುಂಗುವ ಗುಣವೇ ಗಿಟಾರಿಗೆ ವರ. ಏಕೆಂದರೆ ಆಂಪ್ಲಿಫೈಯರಿನಲ್ಲಿ ದನಿಯನ್ನು ಬೇಕೆಂದೇ ಒಡೆದಾಗ ಮೂಲ ಸ್ವರದ ಹಲವು ಪಟ್ಟು ಮೇಲಿನ ಕರ್ಕಶ ಆವೃತ್ತಿಗಳು ರಾಶಿ ರಾಶಿ ಹುಟ್ಟುತ್ತವೆ. ಸ್ಪೀಕರ್ ಅವನ್ನು ಸೋಸುತ್ತದೆ. ಸೋಸದಿದ್ದರೆ ಕಣಜದ ಗೂಡಿಗೆ ಕಲ್ಲು ಹೊಡೆದಂತೆ ಕೇಳುತ್ತದೆ.

ಇನ್ನು ಮಾಡೆಲರ್. ದೊಡ್ಡ ಆಂಪ್ಲಿಫೈಯರು, ಅದರ ಸ್ಪೀಕರು, ಅದರ ಮುಂದಿಟ್ಟ ಮೈಕು, ಈ ಮೂರರ ವರ್ತನೆಯನ್ನೂ ಲೆಕ್ಕವಾಗಿ ತನ್ನೊಳಗೆ ಇಟ್ಟುಕೊಂಡ ಸಣ್ಣ ಕಂಪ್ಯೂಟರ್ ಅದು. ಗಿಟಾರಿನ ವಿದ್ಯುತ್ತನ್ನು ಸೆಕೆಂಡಿಗೆ 44,100 ಅಥವಾ 48,000 ಸಲ, ಕೆಲವು ಪೆಟ್ಟಿಗೆಗಳಲ್ಲಿ ಇನ್ನೂ ಹೆಚ್ಚು ಸಲ ಅಳೆದು, ಆ ಅಂಕಿಗಳ ಮೇಲೆ ಲೆಕ್ಕ ಮಾಡಿ, ಮತ್ತೆ ವಿದ್ಯುತ್ತಾಗಿ ಹೊರಗೆ ಬಿಡುತ್ತದೆ. 1998ರಲ್ಲಿ ಅಮೆರಿಕದ ಲೈನ್ 6 ಕಂಪನಿ ‘ಪಾಡ್’ ಎಂಬ, ಅವರೆಕಾಳಿನ ಆಕಾರದ ಕೆಂಪು ಪೆಟ್ಟಿಗೆ ತಂದ ಮೇಲೆ ಇದು ಮನೆ ಮನೆಯ ವಸ್ತುವಾಯಿತು. ಈಗಿನವು ಅದಕ್ಕಿಂತ ಬಹಳ ಜಾಣ.

ಸ್ಪೀಕರಿನ ಗುಣವನ್ನು ಲೆಕ್ಕವಾಗಿ ಹಿಡಿಯುವುದು ಹೇಗೆ? ಇದನ್ನು ಹುಡುಗನ ತಂದೆಗೆ ಹೇಳುವಾಗ ನನಗೆ ಕಷ್ಟವೇ ಆಗಲಿಲ್ಲ. “ನೀವು ಕಾಯಿಯನ್ನು ಬೆರಳಲ್ಲಿ ತಟ್ಟಿ ಒಳಗೇನಿದೆ ಅಂತ ಹೇಳ್ತೀರಲ್ಲ, ಹಾಗೇ” ಎಂದೆ. ಸ್ಪೀಕರಿಗೆ ಕ್ಷಣಮಾತ್ರದ ಒಂದು ‘ಟಿಕ್’ ಕೊಟ್ಟು, ಅದು ಹೇಗೆ ನುಡಿದು ಹೇಗೆ ಅಡಗುತ್ತದೆ ಎಂದು ಮೈಕಿನಿಂದ ದಾಖಲಿಸುತ್ತಾರೆ. ಆ ಒಂದು ತಟ್ಟಿನ ಉತ್ತರ ಸಿಕ್ಕರೆ ಸಾಕು. ಯಾವ ಸ್ವರ ಕೊಟ್ಟರೂ ಆ ಸ್ಪೀಕರ್ ಹೇಗೆ ನುಡಿಯುತ್ತದೆಂದು ಗಣಿತ ಹೇಳುತ್ತದೆ. ಅವರು ತಲೆದೂಗಿದರು. ತರಗತಿಯಲ್ಲಿ ಇಷ್ಟು ಬೇಗ ತಲೆದೂಗುವವರು ಕಡಿಮೆ.

ಕೊಳ್ಳುವವರು ಹಿಡಿದುಕೊಳ್ಳಬೇಕಾದ ಎಳೆ ಇಲ್ಲಿದೆ. ಗಿಟಾರ್ ಸ್ಪೀಕರಿನ ಗುಣ ಪೆಟ್ಟಿಗೆಯ ಒಳಗೇ ಸೇರಿಬಿಟ್ಟಿದೆ. ಹೊರಗೆ ಬೇಕಾದದ್ದು ತನ್ನದೇನನ್ನೂ ಸೇರಿಸದೆ, ಕೊಟ್ಟದ್ದನ್ನು ಕೊಟ್ಟ ಹಾಗೆ ನುಡಿಯುವ ಸ್ಪೀಕರ್. ಇನ್ನೊಂದು ಸಂಗತಿ: ಮಾಡೆಲರಿನಿಂದ ಹೊರಬರುವ ಸಂಕೇತ ಬಹಳ ದುರ್ಬಲ, ಅದರಿಂದ ನೇರವಾಗಿ ಸ್ಪೀಕರಿನ ಶಂಕು ಅಲುಗುವುದಿಲ್ಲ. ಆದ್ದರಿಂದ ತನ್ನೊಳಗೇ ಆಂಪ್ಲಿಫೈಯರ್ ಇರುವ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸ್ಪೀಕರೇ ಬೇಕು. ಅದಕ್ಕೇ ‘ಪವರ್ಡ್ ಸ್ಪೀಕರ್’ ಎನ್ನುವುದು.

ಆ ಕೋಣೆಯಲ್ಲಿ ಕಂಡದ್ದು

ಅವರ ಮನೆಗೆ ಹೋದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ; ಬರೀ ಗೋಡೆ, ಟೈಲ್ಸ್ ನೆಲ. ಹುಡುಗ ಎರಡನೇ ಪಿಯುಸಿ. ಗಿಟಾರಿಗೆ ಬಟ್ಟೆ ಹೊದಿಸಿ ಬೀರುವಿನ ಮೇಲೆ ಇಟ್ಟಿದ್ದ. “ನನಗೆ ಬರಲ್ಲ ಸಾರ್, ಮಾವನ ಮನೇಲಿ ಚೆನ್ನಾಗಿತ್ತು, ನಾನು ನುಡಿಸಿದ್ರೆ ಕೆಟ್ಟದಾಗಿ ಕೇಳತ್ತೆ” ಎಂದ. ನನಗೆ ಕಸಿವಿಸಿಯಾಯಿತು. ಸಲಕರಣೆಯ ದೋಷವನ್ನು ಮಗು ತನ್ನ ಕೈಯ ದೋಷ ಎಂದುಕೊಂಡಿತ್ತು. ಕನ್ನಡಕ ಬೇಕಾದ ಮಕ್ಕಳು ತಾವು ದಡ್ಡರು ಎಂದುಕೊಳ್ಳುವುದನ್ನು ಶಾಲೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ನುಡಿಸು ಎಂದೆ. ನಿಜಕ್ಕೂ ಕಣಜದ ಗೂಡೇ! ಪೆಟ್ಟಿಗೆಯ ಪರದೆ ನೋಡಿದರೆ ಕಾರಣ ಅಲ್ಲೇ ಇತ್ತು. ಮಾವನ ಮನೆಯಲ್ಲಿ ನಿಜವಾದ ಗಿಟಾರ್ ಸ್ಪೀಕರ್ ಇತ್ತು. ಆದ್ದರಿಂದ ಆತ ಪೆಟ್ಟಿಗೆಯೊಳಗಿನ ‘ಕ್ಯಾಬಿನೆಟ್’ ಎಂಬ ಭಾಗವನ್ನು ಆಫ್ ಮಾಡಿದ್ದ. ಅಲ್ಲಿ ಅದು ಸರಿ. ಇಲ್ಲಿ ಎತ್ತರದ ಆವೃತ್ತಿಗಳನ್ನೆಲ್ಲ ನುಡಿಯುವ ಸ್ಪೀಕರ್ ಇದೆ, ಸೋಸುವವರು ಯಾರೂ ಇಲ್ಲ. ಕ್ಯಾಬಿನೆಟ್ ಆನ್ ಮಾಡಿದೆವು. ಹುಡುಗ ಒಂದೇ ಒಂದು ಸಲ ತಂತಿ ಎಳೆದು ನನ್ನ ಮುಖ ನೋಡಿದ. ಒಂದು ಪೈಸೆ ಖರ್ಚಿಲ್ಲದೆ ಅರ್ಧ ರೋಗ ವಾಸಿ. ಇದಕ್ಕೆ ಉಲ್ಟಾ ತಪ್ಪೂ ಉಂಟು: ನಿಜವಾದ ಗಿಟಾರ್ ಸ್ಪೀಕರಿಗೆ ಸಿಕ್ಕಿಸಿ, ಒಳಗೂ ಕ್ಯಾಬಿನೆಟ್ ಆನ್ ಇಟ್ಟರೆ ಎರಡೆರಡು ಸಲ ಸೋಸಿದಂತಾಗಿ, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಸ್ಪೀಕರ್ ಬದಲಿಸುವ ಮುಂಚೆ ಈ ಒಂದು ಗುಂಡಿ ನೋಡಿ.

ಇನ್ನರ್ಧ ರೋಗ ಬೇರೆ ಥರದ್ದು. ಐದನೇ ತಂತಿಯನ್ನು ಖಾಲಿ ಮೀಟಿದರೆ ಕೋಣೆಯೆಲ್ಲ ‘ಗುಂಯ್’ ಎನ್ನುತ್ತಿತ್ತು; ಉಳಿದ ತಂತಿಗಳಿಗೆ ಅಷ್ಟಿಲ್ಲ. ಇದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಶ್ರುತಿಕವೆಯನ್ನು ನಳಿಗೆಯ ಬಾಯಿಗೆ ಹಿಡಿದು ಅನುರಣನೆ ಹುಡುಕುತ್ತೀರಲ್ಲ, ಕೋಣೆಯೂ ಅಂಥದೇ ನಳಿಗೆ, ಎರಡು ತುದಿಯೂ ಮುಚ್ಚಿದ್ದು. ಎದುರುಬದುರು ಗೋಡೆಗಳ ನಡುವೆ 10 ಅಡಿ, ಅಂದರೆ 3.05 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಇದನ್ನು 3.05ರ ಎರಡರಷ್ಟರಿಂದ ಭಾಗಿಸಿದರೆ ಸುಮಾರು 56 ಹರ್ಟ್ಸ್. ಅದರ ಇಮ್ಮಡಿ 112. ಗಿಟಾರಿನ ಐದನೇ ತಂತಿಯ ಆವೃತ್ತಿ 110! ಉದ್ದವೂ ಅಗಲವೂ ಒಂದೇ ಆದ್ದರಿಂದ ಎರಡು ಜೊತೆ ಗೋಡೆಗಳೂ ಒಟ್ಟಿಗೆ ಅದೇ ಸ್ವರಕ್ಕೆ ಕೂಗುತ್ತಿದ್ದವು. ಸ್ಪೀಕರನ್ನು ಮೂಲೆಯಲ್ಲಿಟ್ಟರೆ ಈ ಅನುರಣನೆಗಳು ಅತಿ ಹೆಚ್ಚು ಕೆರಳುತ್ತವೆ. ಸಾಲದ್ದಕ್ಕೆ ಹುಡುಗ ಕೂರುತ್ತಿದ್ದುದು ಕೋಣೆಯ ನಟ್ಟನಡುವೆ, ಆ 112 ಹರ್ಟ್ಸ್‌ನ ಒತ್ತಡ ಅತಿ ಹೆಚ್ಚಿರುವ ಜಾಗದಲ್ಲಿ. ಸ್ಪೀಕರನ್ನು ಮೂಲೆಯಿಂದ ಎಳೆದು ಮೇಜಿನ ಮೇಲೆ ಎತ್ತಿಟ್ಟೆವು. ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಸರಿಸಿದೆವು. ಬರೀ ಗೋಡೆಗೆ ಒಂದು ಹತ್ತಿಯ ಹಾಸಿಗೆ ಒರಗಿಸಿದೆವು. ಹಾಸಿಗೆ ತಗ್ಗು ಸ್ವರವನ್ನು ಹೀರುವುದು ಕಡಿಮೆ. ಕಿವಿಗೆ ಚುಚ್ಚುವ ಪ್ರತಿಧ್ವನಿ ಮಾತ್ರ ತಗ್ಗುತ್ತದೆ. ‘ಗುಂಯ್’ ಪೂರ್ತಿ ಹೋಗಲಿಲ್ಲ, ಆದರೆ ಸಹಿಸುವಂತಾಯಿತು.

ಉಳಿದದ್ದು ಆ ದೊಡ್ಡ ಸ್ಪೀಕರಿನದೇ ಸಮಸ್ಯೆ. ಅದನ್ನು ಕೆಟ್ಟದ್ದು ಎನ್ನಲಾರೆ. ಹುಡುಗ ನಾಳೆ ವಾದ್ಯವೃಂದ ಕಟ್ಟಿ ಡ್ರಮ್ಮಿನ ಪಕ್ಕ ನಿಂತರೆ ಅಂಥದೇ ಬೇಕು. ಆದರೆ ಅದನ್ನು ಮಾಡಿರುವುದು ಹತ್ತಾರು ಅಡಿ ದೂರದ ಜನರಿಗೆ ಕೇಳಿಸಲು. ಒಂದು ಮೀಟರ್ ಹತ್ತಿರ ಕೂತರೆ ಕೆಳಗಿನ ಶಂಕುವಿನ ದನಿ ಒಂದು ಕಡೆಯಿಂದ, ಮೇಲಿನ ಕಹಳೆಯ ದನಿ ಇನ್ನೊಂದು ಕಡೆಯಿಂದ ಬಂದಂತೆ ಕೇಳುತ್ತದೆ. ವಾಲ್ಯೂಮ್ ಸ್ವಲ್ಪ ತಿರುಗಿಸಿದರೂ ಜೋರು. ಸುಮ್ಮನಿದ್ದಾಗಲೂ ‘ಸ್ಸ್’ ಎಂಬ ಸದ್ದು. ರಾತ್ರಿಯ ಮೌನದಲ್ಲಿ ಅದೇ ಕಿರಿಕಿರಿ.

ವ್ಯಾಟಿನ ಮಾಯೆ

ನನ್ನ ತಪ್ಪು ಸಲಹೆಯ ಎರಡನೇ ಭಾಗಕ್ಕೆ ಬರುತ್ತೇನೆ. ಸಾಧಾರಣ ಸಣ್ಣ ಸ್ಪೀಕರ್ ಒಂದು ವ್ಯಾಟ್ ಪಡೆದರೆ ಒಂದು ಮೀಟರ್ ದೂರದಲ್ಲಿ ಸುಮಾರು 85 ಡೆಸಿಬಲ್ ಶಬ್ದ ಕೊಡುತ್ತದೆ. ವ್ಯಾಟ್ ಹತ್ತು ಪಟ್ಟಾದರೆ ಹೆಚ್ಚುವುದು 10 ಡೆಸಿಬಲ್ ಮಾತ್ರ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ವ್ಯಾಟ್ ಇಮ್ಮಡಿಯಾದರೆ 3 ಡೆಸಿಬಲ್, ಗಮನವಿಟ್ಟು ಕೇಳಿದರೆ ಗೊತ್ತಾಗುವಷ್ಟು. ಅಂದರೆ 50 ವ್ಯಾಟಿನದಕ್ಕೂ 100 ವ್ಯಾಟಿನದಕ್ಕೂ ಬೆಲೆಯಲ್ಲಿರುವಷ್ಟು ಅಂತರ ಕಿವಿಯಲ್ಲಿಲ್ಲ. ಮನೆಯಲ್ಲಿ ನುಡಿಸುವಾಗ ಬಹಳ ಹೊತ್ತು ಖರ್ಚಾಗುವುದು ಒಂದು ವ್ಯಾಟಿಗಿಂತ ಕಡಿಮೆ! ತಂತಿಯನ್ನು ಜೋರಾಗಿ ಮೀಟಿದ ಕ್ಷಣಕ್ಕೆಂದು ಇಪ್ಪತ್ತು ಮೂವತ್ತು ವ್ಯಾಟ್ ಕೈಯಲ್ಲಿರಲಿ, ಸಾಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಸಾವಿರಗಳು ಬಹುಪಾಲು ಕ್ಷಣಮಾತ್ರದ ಗರಿಷ್ಠ ಲೆಕ್ಕ.

85 ಡೆಸಿಬಲ್ ಎಂದರೆ ಕಡಿಮೆಯೇನಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ 8 ಗಂಟೆ ಅದು ಮಿತಿ. ಮುಂದೆ ಪ್ರತಿ 3 ಡೆಸಿಬಲ್ಲಿಗೂ ಹೊತ್ತು ಅರ್ಧವಾಗುತ್ತದೆ. 94 ಆದರೆ ಒಂದೇ ಗಂಟೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಎಂದಿದೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದರಲ್ಲಿ ತಪ್ಪಿರಲಿಲ್ಲ.

ಮೆಲ್ಲಗೆ ನುಡಿಸುವಾಗ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. 1933ರಲ್ಲಿ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದು ಇದನ್ನೇ: ಶಬ್ದ ಸಣ್ಣದಾದಂತೆ ನಮ್ಮ ಕಿವಿ ತಗ್ಗು ಸ್ವರಗಳನ್ನು, ಸ್ವಲ್ಪಮಟ್ಟಿಗೆ ತಾರ ಸ್ವರಗಳನ್ನೂ ಕಳೆದುಕೊಳ್ಳುತ್ತದೆ. ಜೋರಾಗಿ ಕೇಳುತ್ತಾ ಹೊಂದಿಸಿದ ದನಿ ರಾತ್ರಿ ಮೆಲ್ಲಗೆ ಇಟ್ಟಾಗ ಸಪ್ಪೆ. ಮೆಲ್ಲಗೆ ಹೊಂದಿಸಿದ್ದು ಜೋರು ಮಾಡಿದಾಗ ಗುಡುಗು. ಯಾವ ಜೋರಿನಲ್ಲಿ ನುಡಿಸುತ್ತೀರೋ ಅದೇ ಜೋರಿನಲ್ಲಿ ಮಾಡೆಲರಿನ ಗುಂಡಿಗಳನ್ನು ಹೊಂದಿಸಿ.

ಅಂಗಡಿಯಲ್ಲಿ

ಶಾಮಿಯಾನ ಮತ್ತು ಮೈಕಿನ ಬಾಡಿಗೆಯವರೊಬ್ಬರು ಆ ದೊಡ್ಡ ಸ್ಪೀಕರನ್ನು ಸ್ವಲ್ಪ ಕಡಿಮೆ ಬೆಲೆಗೆ ಕೊಂಡರು. ಆ ದುಡ್ಡಿನ ಮಿತಿಯಲ್ಲೇ ಹೊಸದು ಕೊಳ್ಳಬೇಕೆಂದು ಮೂವರೂ ಬೆಂಗಳೂರಿಗೆ ಹೋದೆವು. ಹುಡುಗ ಗಿಟಾರನ್ನೂ ಮಾಡೆಲರನ್ನೂ ಹೊತ್ತಿದ್ದ. ಇದು ಮುಖ್ಯ. ಅಂಗಡಿಯ ವಾದ್ಯದಲ್ಲಿ ಕೇಳಿ ಬರಬೇಡಿ.

ನೋಡಿದ್ದು ಧ್ವನಿಮುದ್ರಣದವರು ಬಳಸುವ ‘ಸ್ಟುಡಿಯೋ ಮಾನಿಟರ್’ ಎಂಬ ಸಣ್ಣ ಸ್ಪೀಕರುಗಳನ್ನು. ಹತ್ತಿರ ಕೂತು ಕೇಳಲೆಂದೇ ಮಾಡಿದಂಥವು. 3 ಇಂಚು, 5 ಇಂಚು, 8 ಇಂಚು ಎಂದು ಸಿಗುತ್ತವೆ. ಗಿಟಾರಿನ ದಪ್ಪ ತಂತಿಯ ಆವೃತ್ತಿ 82.4 ಹರ್ಟ್ಸ್. ಅಷ್ಟು ಕೆಳಗಿನದನ್ನು ಸ್ಪೀಕರ್ ಸಲೀಸಾಗಿ ನುಡಿದರೆ ಸಾಕು. ಇಲ್ಲಿ ಒಂದು ಕಣ್ಕಟ್ಟು ಇರುತ್ತದೆ. ಉದಾಹರಣೆಗೆ ಯಮಾಹಾದ 5 ಇಂಚಿನ ಎಚ್.ಎಸ್.5 ಸ್ಪೀಕರಿನ ವಿವರಪತ್ರದಲ್ಲಿ ಕೆಳಗಿನ ಮಿತಿ 54 ಹರ್ಟ್ಸ್ ಎಂದೂ ಇದೆ, 74 ಎಂದೂ ಇದೆ. ಮೊದಲನೆಯದು ದನಿ 10 ಡೆಸಿಬಲ್ ಕುಸಿದ ಮೇಲಿನ ಲೆಕ್ಕ, ಎರಡನೆಯದು 3 ಡೆಸಿಬಲ್ ಕುಸಿದಾಗಿನದು. ಅವರು ಎರಡನ್ನೂ ಕೊಟ್ಟಿದ್ದಾರೆ; ಎಷ್ಟೋ ಡಬ್ಬಿಗಳ ಮೇಲೆ ಆಕರ್ಷಕವಾದದ್ದು ಮಾತ್ರ ಇರುತ್ತದೆ. 3 ಡೆಸಿಬಲ್ಲಿನ ಅಂಕಿ ಕೇಳಿ. 74 ಎಂಬುದು 82.4ಕ್ಕಿಂತ ಕೆಳಗಿದೆ, ಗಿಟಾರಿಗೆ ಇದು ಸಾಕು. ಹತ್ತಡಿ ಕೋಣೆಗೆ 8 ಇಂಚಿನದು ತಂದರೆ ಮತ್ತೆ ಆ ‘ಗುಂಯ್’ ಅನ್ನೇ ದುಡ್ಡು ಕೊಟ್ಟು ತಂದ ಹಾಗೆ. 3 ಇಂಚಿನದು ತೀರ ತೆಳು; ಆದರೆ ಜೇಬು ಅಷ್ಟೇ ಇದ್ದರೆ ಅದಕ್ಕಿಂತ ಒಂದು ಒಳ್ಳೆಯ ಹೆಡ್‌ಫೋನೇ ಮೇಲು ಎಂಬುದು ನನ್ನ ಅಭಿಪ್ರಾಯ.

ಗಿಟಾರ್ ಸಿಕ್ಕಿಸುವ ಮುಂಚೆ ಹುಡುಗನ ತಂದೆಗೆ ಒಂದು ಕೆಲಸ ಹೇಳಿದೆ. ಅವರ ಫೋನಿನಲ್ಲಿ ಪಿ.ಬಿ. ಶ್ರೀನಿವಾಸರ ಹಾಡುಗಳಿದ್ದವು. ನಾಲ್ಕು ಜೊತೆ ಸ್ಪೀಕರಿನಲ್ಲೂ ಒಂದೇ ಹಾಡನ್ನು ಒಂದೇ ಜೋರಿನಲ್ಲಿ ಹಾಕಿಸಿದೆ. ನಮ್ಮ ಕಿವಿಗೆ ಮನುಷ್ಯನ ದನಿಗಿಂತ ಪರಿಚಿತವಾದದ್ದು ಬೇರೆ ಇಲ್ಲ. ನಲವತ್ತು ವರ್ಷ ಕೇಳಿದ ದನಿಯಾದರೆ ಮೋಸ ಮಾಡಲಾಗದು. ಮೊದಲನೆಯದಕ್ಕೆ ಅವರು “ಇವರಿಗೆ ನೆಗಡಿ ಆಗಿದೆ” ಎಂದರು. ಎರಡನೆಯದಕ್ಕೆ “ಡಬ್ಬದಲ್ಲಿ ಕೂತಿದ್ದಾರೆ.” ಮೂರನೆಯದನ್ನು ಪೂರ್ತಿ ಕೇಳಿದರು, ಏನೂ ಹೇಳಲಿಲ್ಲ. ನಾಲ್ಕನೆಯದರಲ್ಲಿ “ಸ-ಕಾರ ಬಂದಾಗೆಲ್ಲ ಚುಚ್ಚತ್ತೆ” ಎಂದರು. ಹುಡುಗ ಗಿಟಾರ್ ಸಿಕ್ಕಿಸಿ ನಾಲ್ಕರಲ್ಲೂ ನುಡಿಸಿದ. ಅವನೂ ಆರಿಸಿದ್ದು ಆ ಮೂರನೆಯದನ್ನೇ. ಅದು ಎರಡನೇ ಅತಿ ಕಡಿಮೆ ಬೆಲೆಯದು.

ಬ್ಲೂಟೂತ್ ಸ್ಪೀಕರ್ ಸಾಲದೇ ಎಂದು ಅಂಗಡಿಯಲ್ಲೇ ಇನ್ನೊಬ್ಬ ತಂದೆ ಕೇಳುತ್ತಿದ್ದರು. ಹಾಡು ಕೇಳಲು ಸಾಕು, ನುಡಿಸಲು ಸಾಲದು. ಬ್ಲೂಟೂತಿನಲ್ಲಿ ದನಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಹೆಚ್ಚು ತಡವಾಗಿ ಬರುವುದುಂಟು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ 34 ಮೀಟರ್ ಹೋಗಿರುತ್ತದೆ. ಇಲ್ಲಿ ತಂತಿ ಮೀಟಿ, ಆಚೆ ಬೀದಿಯ ಕೊನೆಯಿಂದ ಕೇಳಿಸಿಕೊಂಡ ಹಾಗೆ, ತಾಳ ನಿಲ್ಲುವುದಿಲ್ಲ. ತಂತಿಯಲ್ಲೇ ಜೋಡಿಸಿ. ಅದರಲ್ಲೂ ‘ಬ್ಯಾಲೆನ್ಸ್‌ಡ್’ ಎಂಬ ಬಗೆಯ ಕೇಬಲ್ ಕೇಳಿ. ಅದರಲ್ಲಿ ಒಂದೇ ಸಂಕೇತ ಎರಡು ತಂತಿಗಳಲ್ಲಿ ಉಲ್ಟಾ ಉಲ್ಟಾ ಹೋಗುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಮಾಡೆಲರಿನಲ್ಲೂ ಸ್ಪೀಕರಿನಲ್ಲೂ ಅದಕ್ಕೆ ಹೊಂದುವ ಕಿಂಡಿ ಇರಬೇಕು. ಕರೆಂಟು ಹೋಗಿ ಇನ್ವರ್ಟರ್ ಓಡುವಾಗ ‘ಜುಂಯ್’ ಎಂದರೆ ಅದು ಹೆಚ್ಚಾಗಿ ಇನ್ವರ್ಟರಿನದೇ ಗುಣ, ಸ್ಪೀಕರಿನದಲ್ಲ. ಆ ಸದ್ದು ನಿಲ್ಲಲಿ ಎಂದು ಪ್ಲಗ್ಗಿನ ಮೂರನೇ ಪಿನ್ನನ್ನು ಕಿತ್ತುಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಅರ್ತಿಂಗ್, ಗಿಟಾರಿನ ಲೋಹದ ತಂತಿಗಳು ಮಗುವಿನ ಬೆರಳಿಗೆ ತಾಗಿರುತ್ತವೆ.

ಮನೆಗೆ ತಂದು ಎರಡು ಸ್ಪೀಕರುಗಳನ್ನೂ ಮೇಜಿನ ಮೇಲೆ, ಹುಡುಗನ ತಲೆಯೊಂದಿಗೆ ಸಮಬಾಹು ತ್ರಿಭುಜವಾಗುವಂತೆ ಇಟ್ಟೆವು. ಮೇಲಿನ ಸಣ್ಣ ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ತಾರ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತವೆ. ಎತ್ತರ ಸಾಲದೆ ಎರಡೂ ಕಡೆ ಹಳೆಯ ಭೌತಶಾಸ್ತ್ರದ ಪುಸ್ತಕಗಳನ್ನಿಟ್ಟೆವು. ಆನ್ ಮಾಡುವಾಗ ಮಾಡೆಲರ್ ಮೊದಲು, ಸ್ಪೀಕರ್ ಕೊನೆಗೆ. ಆಫ್ ಮಾಡುವಾಗ ಸ್ಪೀಕರ್ ಮೊದಲು. ಇಲ್ಲದಿದ್ದರೆ ‘ಧಡ್’ ಎಂಬ ಏಟು ಶಂಕುವಿಗೆ ಬೀಳುತ್ತದೆ. ಪಕ್ಕದ ಮನೆಯ ಅಜ್ಜಿಯನ್ನು ಅವರ ಜಗುಲಿಯಲ್ಲೇ ಕೂರಿಸಿ, ಅವರು ‘ಸಾಕು’ ಎಂದ ಕಡೆ ವಾಲ್ಯೂಮ್ ಗುಂಡಿಯ ಪಕ್ಕ ಕುಂಕುಮದ ಚುಕ್ಕೆ ಇಟ್ಟದ್ದು ಹುಡುಗನ ತಾಯಿ.

ಮೊನ್ನೆ ಅವರ ತಂದೆಯ ಫೋನ್ ಬಂತು. “ಮೇಷ್ಟ್ರೇ, ಬೆಳಿಗ್ಗೆ ಒಂದು ಗಂಟೆ ನಾನೇ ಹಾಡು ಹಾಕ್ಕೊಳ್ತೀನಿ, ಆಮೇಲೆ ಸಂಜೆ ಅವನು. ಸ್ಪೀಕರಿನ ಬೆನ್ನು ಬೆಚ್ಚಗಾಗತ್ತೆ, ಪರವಾಗಿಲ್ವಾ?” ಪರವಾಗಿಲ್ಲ, ಒಳಗೆ ಆಂಪ್ಲಿಫೈಯರ್ ಇದೆಯಲ್ಲ, ಗೋಡೆಗೆ ಅಂಟಿಸದೆ ಒಂದು ಗೇಣು ಜಾಗ ಬಿಡಿ ಎಂದೆ.